ಬರೀ ಕಾಜಾ ಬಾಕಿ

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ, ಗಣಪತಿ ಪಟದ ಪಕ್ಕದಲ್ಲಿ, ‘ಗ್ರಾಹಕರೇ ನಮ್ಮ ದೇವರು’ ಎಂದು ಬರೆದ ಹಳೇ ಬೋರ್ಡೊಂದಿದೆ. ಬರೆಸಿದವರು ಸುಳ್ಳು ಹೇಳಿಲ್ಲ ಎಂಬುದು ನನಗೆ ದಿನೇ ದಿನೇ ಖಾತ್ರಿಯಾಗುತ್ತಿದೆ. ದೇವರೆಂದ ಮೇಲೆ ನಿಂತೇ ಇರಬೇಕು, ನಾನೂ ನಿಂತಿರುತ್ತೇನೆ. ದೇವರು ಬಾಯಿ ಬಿಡಬಾರದು, ನಾನೂ ಬಿಡುವುದಿಲ್ಲ. ಗರ್ಭಗುಡಿಯ ಎದುರಿಗೇ ಜನ ತಮ್ಮ ತಮ್ಮ ಸಂಸಾರದ ಮಾತು ತೆಗೆಯುವಂತೆ ಶೆಟ್ಟರು ನನ್ನೆದುರಿಗೇ ಫೋನಿನಲ್ಲಿ ಬೀಗರ ಜೊತೆ ನಾಮಕರಣದ ಅಡುಗೆಯವರ ವಿಚಾರ ಇತ್ಯರ್ಥ ಮಾಡುತ್ತಿರುತ್ತಾರೆ. ಹೋಳಿಗೆಯೋ ಚಿರೋಟಿಯೋ ಎಂಬುದು ತೀರ್ಮಾನವಾದ ಮೇಲೆ ನನ್ನತ್ತ ತಿರುಗಿ, “ಏನ್ ಬೇಕಿತ್ತು ಮೇಷ್ಟ್ರೇ?” ಎನ್ನುವ ಹೊತ್ತಿಗೆ ನನಗೆ ಏನು ಬೇಕಿತ್ತು ಎಂಬುದು ಮರೆತುಹೋಗಿರುತ್ತದೆ. ಆಗ ಅವರೇ ಹೇಳುತ್ತಾರೆ: “ತೊಗರಿಬೇಳೆ ಆಗಿರಬೇಕು. ಹೋದ ಸಲ ಒಂದೇ ಕೆಜಿ ತಗೊಂಡು ಹೋಗಿದ್ರಿ.” ಚೀಟಿ ತೆಗೆದು ನೋಡಿದರೆ ತೊಗರಿಬೇಳೆಯೇ.

ನಾನಿರುವುದು ಮೈಸೂರಿನ ಚಾಮುಂಡಿಪುರದ ಕಡೆ. ಸ್ಕೂಲಿನಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ನನಗೊಂದು ಹುದ್ದೆ ಕೊಟ್ಟಿದ್ದಾರೆ. ಕೈಗೊಂದು ಬಟ್ಟೆ ಚೀಲ, ಜೇಬಿಗೊಂದು ಚೀಟಿ. ಚೀಟಿಯಲ್ಲಿ ಬೇಳೆಯ ಕೆಳಗೆ ಕುಕ್ಕರಿನ ಗ್ಯಾಸ್ಕೆಟ್, ಅದರ ಕೆಳಗೆ ಫಾಲ್ಸ್ ಹಾಕಲು ಕೊಟ್ಟ ಸೀರೆ, ಅದಕ್ಕೂ ಕೆಳಗೆ ಉಂಗುಷ್ಟ ಕಿತ್ತ ಚಪ್ಪಲಿ. ಈ ಹುದ್ದೆಗೆ ಬಡ್ತಿಯಿಲ್ಲ, ವರ್ಗವಿಲ್ಲ, ಆದರೆ ರಜೆ ಧಾರಾಳವಾಗಿದೆ. ನಮ್ಮೂರಿನ ಹಳೇ ಅಂಗಡಿಗಳವರು ಮಧ್ಯಾಹ್ನ ಬಾಗಿಲೆಳೆದು ಮನೆಗೆ ಹೋಗಿ ಉಂಡು ಒಂದು ನಿದ್ದೆ ತೆಗೆಯುತ್ತಾರೆ. ಮಂಗಳವಾರ ಕ್ಷೌರದಂಗಡಿ ಇಲ್ಲ. ಬೆಂಗಳೂರಿನಲ್ಲಿರುವ ಮಗ, “ಎಲ್ಲಾನೂ ಮೊಬೈಲಲ್ಲೇ ತರಿಸ್ಕೊಳ್ಳಿ ಅಪ್ಪಾ, 10 ನಿಮಿಷಕ್ಕೆ ಬರುತ್ತೆ” ಎನ್ನುತ್ತಾನೆ. ಎಲ್ಲವೂ 10 ನಿಮಿಷಕ್ಕೆ ಬಂದುಬಿಟ್ಟರೆ ಮಿಕ್ಕ ದಿನವನ್ನು ಏನು ಮಾಡಲಿ ಎಂಬ ನನ್ನ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ.

ಮೊದಲು ಟೈಲರ್ ವಿಷಯ ಹೇಳಿಬಿಡುತ್ತೇನೆ. ಮಹಡಿ ಮೆಟ್ಟಿಲಿನ ಕೆಳಗೆ ಎಷ್ಟು ಜಾಗ ಇರಬಹುದೋ ಅಷ್ಟರಲ್ಲೇ ಅವರ ಅಂಗಡಿ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಮೇಲೆ ಸಾಲಾಗಿ ತೂಗುವ ಬೇರೆಯವರ ಪ್ಯಾಂಟುಗಳು. ಗೌರಿ ಹಬ್ಬಕ್ಕೆಂದು ಆಷಾಢದಲ್ಲೇ ಷರಟಿನ ಬಟ್ಟೆ ಕೊಟ್ಟರೂ ಹಬ್ಬದ ಹಿಂದಿನ ಸಂಜೆ ಅವರದ್ದು ಒಂದೇ ಮಾತು: “ಎಲ್ಲಾ ಆಗಿದೆ ಮೇಷ್ಟ್ರೇ, ಬರೀ ಕಾಜಾ ಬಾಕಿ.” ಕಾಜಾದ ಮರ್ಮ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಟೈಲರು ಕಾಜಾ ಹಾಕುವುದಿಲ್ಲ. ಅದಕ್ಕೆಂದೇ ಮಿಷನ್ನು ಇಟ್ಟುಕೊಂಡವನೊಬ್ಬ ಇನ್ನೊಂದು ಬೀದಿಯಲ್ಲಿರುತ್ತಾನೆ. ಸುತ್ತಮುತ್ತಲಿನ ಟೈಲರುಗಳದ್ದೆಲ್ಲ ಅವನೊಬ್ಬನ ಹತ್ತಿರವೇ ಹೋಗಬೇಕು. ಒಬ್ಬ ಹುಡುಗ ಗಂಟು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಾನೆ, ಬರುತ್ತಾನೆ, ಕೆಲವು ಸಲ ಬರುವುದಿಲ್ಲ. ಇಡೀ ಬಡಾವಣೆಯ ಗಂಡಸರ ಹಬ್ಬ ಆ ಒಂದು ಮಿಷನ್ನಿನ ಸೂಜಿಯ ಮೇಲೆ ನಿಂತಿರುತ್ತದೆ.

ಒಂದು ಸಲ ನಾನು ಸ್ವಲ್ಪ ಧೈರ್ಯ ಮಾಡಿ, “ಎಲ್ಲಿ, ತೋರಿಸಿ ನೋಡೋಣ” ಎಂದೆ. ಗಂಟಿನಿಂದ ಎಳೆದು ತೋರಿಸಿದರು. ನನ್ನದೇ ಷರಟು. ಆದರೆ ಎಡತೋಳು ಇರಲಿಲ್ಲ.

“ಇದಕ್ಕೆ ತೋಳೇ ಇಲ್ಲವಲ್ರೀ?”

“ಕಾಜಾ ಆಗ್ಲಿ ಮೇಷ್ಟ್ರೇ, ಆಮೇಲೆ ಅದೊಂದು ಹೊಲಿಗೆ ಅಷ್ಟೇ.”

ಇಷ್ಟಾದರೂ ಅವರನ್ನು ಬಿಟ್ಟು ಬೇರೆ ಕಡೆ ಹೋಗಲಾರೆ. ಅವರ ಅಳತೆ ಪುಸ್ತಕದಲ್ಲಿ ನನ್ನದೊಂದು ಹಾಳೆಯಿದೆ. ಅದರಲ್ಲಿ ಎದೆ, ಭುಜ, ತೋಳು ಎಲ್ಲ ಇದ್ದಂತೆಯೇ ಇವೆ. ಸೊಂಟದ ಅಂಕಿಯನ್ನು ಮಾತ್ರ ಹೊಡೆದು, ಪಕ್ಕದಲ್ಲಿ ಬರೆದು, ಅದನ್ನೂ ಹೊಡೆದು ಮೇಲೆ ಬರೆದು, ಈಗ ಬರೆಯಲು ಜಾಗ ಸಾಲದೆ ಅಂಚಿಗೆ ಬಂದಿದೆ. ಟೇಪು ಸುತ್ತಿ ಅಂಕಿಯನ್ನು ಹುಡುಗನಿಗೆ ಕೂಗಿ ಹೇಳುವುದು ಅವರ ಪದ್ಧತಿ. “ಸೊಂಟ ಮೂವತ್ತೆಂಟೂವರೆ!” ಎಂದರೆ ಎದುರಿನ ಹಾಲಿನ ಬೂತಿನಲ್ಲಿ ನಿಂತವರೂ ತಿರುಗಿ ನೋಡಬೇಕು. ನನ್ನ ಮುಖ ಚಿಕ್ಕದಾದದ್ದನ್ನು ನೋಡಿ ದನಿ ತಗ್ಗಿಸಿ, “ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ” ಎನ್ನುತ್ತಾರೆ. ಮಗನ ಬಲವಂತಕ್ಕೆ ದೊಡ್ಡ ಅಂಗಡಿಯೊಂದರಲ್ಲಿ ರೆಡಿಮೇಡ್ ಪ್ಯಾಂಟು ಕೊಂಡಿದ್ದೆ. ವರ್ಷ ಕಳೆಯುವುದರೊಳಗೆ ಬಿಗಿಯಾಯಿತು. ಬಿಡಿಸಲೆಂದು ಇವರ ಹತ್ತಿರ ತಂದರೆ ಹಿಂಭಾಗದ ಹೊಲಿಗೆ ಮಡಿಸಿ ತೋರಿಸಿದರು. ಒಳಗೆ ಒಂದು ನೂಲಿನಗಲ ಬಟ್ಟೆಯೂ ಇರಲಿಲ್ಲ. ನನ್ನ ಭವಿಷ್ಯದ ಬಗ್ಗೆ ಆ ಕಂಪನಿಗೆ ಇಷ್ಟೂ ಕಾಳಜಿಯಿಲ್ಲ.

ಅಳತೆಯಿಂದ ತೂಕಕ್ಕೆ ಬರೋಣ. ನನ್ನ ತೂಕವಲ್ಲ, ತರಕಾರಿಯದು. ಹಬ್ಬದ ಮುಂಚೆ ನಾನು ದೇವರಾಜ ಮಾರುಕಟ್ಟೆಗೆ ಹೋಗುವುದುಂಟು. ನೂರು ವರ್ಷ ದಾಟಿದ ಕಟ್ಟಡ. 2016ರ ಆಗಸ್ಟಿನಲ್ಲಿ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದುಬಿತ್ತು. ಕೆಡವಿ ಕಟ್ಟುವುದೋ, ಇದ್ದದ್ದನ್ನೇ ರಿಪೇರಿ ಮಾಡುವುದೋ ಎಂಬ ಜಗಳ ಹೈಕೋರ್ಟಿನವರೆಗೂ ಹೋಯಿತು. ಅಷ್ಟೆಲ್ಲ ಆದರೂ ಒಳಗೆ ಹೂವಿನ ಸಾಲು ಹೂವಿನದೇ, ಬಾಳೆಹಣ್ಣಿನ ಸಾಲು ಬಾಳೆಹಣ್ಣಿನದೇ. ಅಲ್ಲಿ ಕೂರುವ ಒಬ್ಬ ಅಜ್ಜಿಯ ಹತ್ತಿರ ನಾವು ಸೊಗಡಿನ ಅವರೆಕಾಯಿ ಕೊಳ್ಳುತ್ತಿದ್ದೆವು. ತಕ್ಕಡಿ ಸಮ ಬಂದ ಮೇಲೆ, “ಕೊಸರು ಹಾಕಮ್ಮ” ಎಂದು ನಾನು ಹೇಳುವುದು, “ಇನ್ನೂ ಬೋಣಿ ಆಗಿಲ್ಲ ಕಣಪ್ಪ” ಎಂದು ಆಕೆ ಗೊಣಗುವುದು, ಗೊಣಗುತ್ತಲೇ ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕುವುದು. ಆ ಒಂದು ಹಿಡಿಯ ಮೇಲೆ ಎರಡು ಎಸಳು ಕರಿಬೇವು. ಲಾಭವೇನೂ ಹೆಚ್ಚಿನದಲ್ಲ. ಆದರೆ ಕೊಸರು ಇಲ್ಲದೆ ಮನೆಗೆ ಬಂದರೆ ನನ್ನಾಕೆ ಚೀಲವನ್ನು ಕೈಯಲ್ಲಿ ತೂಗಿ ನೋಡಿಯೇ, “ಬಾಯಿ ಬಿಟ್ಟು ಕೇಳಿಲ್ಲ ಅನ್ಸುತ್ತೆ” ಎಂದುಬಿಡುತ್ತಾಳೆ.

ಸರ್ಕಾರ 1956ರಲ್ಲಿ ತೂಕ-ಅಳತೆಯ ಕಾನೂನು ಮಾಡಿ ಸೇರು, ಪಾವು, ಚಟಾಕುಗಳನ್ನು ಅಂಗಡಿಯಿಂದ ಓಡಿಸಿತು. ಅವು ನಮ್ಮ ಅಡುಗೆಮನೆಗೆ ಬಂದು ಸೇರಿಕೊಂಡಿವೆ. ಇವತ್ತಿಗೂ ನಮ್ಮಲ್ಲಿ ಅನ್ನಕ್ಕೆ ಅಕ್ಕಿ ಪಾವಿನ ಲೆಕ್ಕ. ಕಾನೂನಿಗೂ ಬಗ್ಗದೆ ಉಳಿದಿದ್ದ ಕೊಸರನ್ನು ಈಚೆಗೆ ಬಂದ ಕರೆಂಟಿನ ತಕ್ಕಡಿ ಮುಗಿಸಿತು. ಮೊನ್ನೆ ಹೊಸ ಅಂಗಡಿಯೊಂದರಲ್ಲಿ ಅರ್ಧ ಕೆಜಿ ಹುರುಳಿಕಾಯಿ ಕೇಳಿದೆ. ಕೆಂಪು ಅಂಕಿ 506 ತೋರಿಸಿತು. ಆ ಹುಡುಗ ಒಂದು ಕಾಯಿ ತೆಗೆದ; 501. ಯೋಚಿಸಿ ಇನ್ನೊಂದು ಕಾಯಿಯನ್ನು ನಡುವೆ ಮುರಿಯಲು ಹೊರಟ. “ಬೇಡಪ್ಪ, ಅದು ನನ್ನ ಕಡೆಯಿಂದ ನಿನಗೆ ಕೊಸರು” ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಚಿಲ್ಲರೆಯ ಕತೆಯೂ ಹೀಗೇ. 25 ಪೈಸೆಗೆ 2011ರ ಜೂನ್ 30ಕ್ಕೆ ಸರ್ಕಾರವೇ ತಿಥಿ ಮಾಡಿತು. 50 ಪೈಸೆ ರಿಸರ್ವ್ ಬ್ಯಾಂಕಿನ ಪ್ರಕಾರ ಈಗಲೂ ಚಲಾವಣೆಯ ನಾಣ್ಯ, ನಮ್ಮ ಶೆಟ್ಟರ ಪ್ರಕಾರ ಅಲ್ಲ. ಆದರೆ 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಇದೇ ಶೆಟ್ಟರು ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಕೂತು ಇಡೀ ಬೀದಿಯ ಉದ್ರಿಯನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡರು. ಬ್ಯಾಂಕಿನ ಸಾಲಿನಲ್ಲಿ ನಿಂತು ಬರಿಗೈಲಿ ವಾಪಸಾದವರಿಗೂ ಅವತ್ತು ಬೇಳೆ ಸಿಕ್ಕಿತು. ಇದನ್ನು ಹೇಳದೆ ಅವರ ನಾಮಕರಣದ ಮಾತನ್ನಷ್ಟೇ ಹೇಳಿದರೆ ತಪ್ಪಾದೀತು.

ಈಗ ಎಲ್ಲ ಕಡೆಯೂ ಸ್ಕ್ಯಾನು. ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಡಬ್ಬಿಗಳು ಬಂದಿವೆ. ಶುದ್ಧ ಕನ್ನಡದಲ್ಲಿ, ಟೈಲರಿಗಿಂತ ದೊಡ್ಡ ಗಂಟಲಲ್ಲಿ. ಡಾಕ್ಟರು ನನಗೆ ಕರಿದ ತಿಂಡಿ ಬೇಡವೆಂದಿದ್ದಾರೆ. ಒಂದು ಸಂಜೆ ದೇವಸ್ಥಾನದ ಹೊರಗೆ ನನ್ನಾಕೆ ಪ್ರದಕ್ಷಿಣೆ ಮುಗಿಸುವುದರೊಳಗೆ, ಎದುರಿನ ಬೋಂಡಾ ಗಾಡಿಯಲ್ಲಿ ನನ್ನ ಕೆಲಸವನ್ನೂ ಮುಗಿಸಿ ಬಾಯಿ ಒರೆಸಿಕೊಂಡಿದ್ದೆ. ಡಬ್ಬಿ ಒಂದು ಕ್ಷಣ ತಡೆದು, ಮಂಗಳಾರತಿಯ ಗಂಟೆ ನಿಂತ ಮೇಲೆ, “ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಸಾರಿತು. ಅಂದಿನಿಂದ ಬೋಂಡಾದ ವ್ಯವಹಾರ ನಗದು.

ಬೋಂಡಾಕ್ಕೆ ಚಟ್ನಿ ಬೇಕು, ಚಟ್ನಿಗೆ ಮಿಕ್ಸಿ ಬೇಕು. ಮಿಕ್ಸಿ ರಿಪೇರಿಯವನು ನನ್ನ ಹಳೇ ವಿದ್ಯಾರ್ಥಿ, ಒಂಬತ್ತನೇ ಕ್ಲಾಸಿನ ಕೊನೇ ಬೆಂಚು. “ಹೋಂವರ್ಕ್ ಎಲ್ಲೋ?” ಎಂದರೆ, “ನಾಳೆ ತರ್ತೀನಿ ಸಾರ್” ಎನ್ನುತ್ತಿದ್ದ. ಹೊರಗೆ ನಿಲ್ಲಿಸುತ್ತಿದ್ದೆ. ಈಗ ನಾನು ಅವನ ಅಂಗಡಿಯ ಹೊರಗೆ ನಿಂತಿರುತ್ತೇನೆ. “ನಾಳೆ ಬನ್ನಿ ಸಾರ್” ಎನ್ನುತ್ತಾನೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ಬರುವ ದೆವ್ವ ಅದನ್ನು ಓದಿಕೊಂಡು, ಆಯಿತು ನಾಳೆ ಬರೋಣ ಎಂದು ಹಿಂದಿರುಗುತ್ತಿತ್ತಂತೆ. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ. ನಾನೂ ಈಗ ಅದೇ ಕುಲಕ್ಕೆ ಸೇರಿದವನು.

ಆದರೆ ಅವನ ಕೈಚಳಕ ನೋಡಬೇಕು. ಜಾರನ್ನು ತಲೆಕೆಳಗು ಮಾಡಿ, ತಳದ ಕಪ್ಲರಿನ ಮೇಲೆ ಹೆಬ್ಬೆರಳಿಟ್ಟು ನಿಧಾನ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಾನೆ. “ಬುಷ್ ತಿಂದುಹೋಗಿದೆ ಸಾರ್. ವಾಷರ್ ಹೋಗಿ ನೀರು ಕೆಳಗಿಳಿದಿದೆ, ನೋಡಿ ತುಕ್ಕು. ಕಾಯಿ ಚಟ್ನಿನ ನೀರು ಹಾಕ್ದೆ ರುಬ್ಬಬಾರದು ಅಂತ ಅಮ್ಮಾವ್ರಿಗೆ ಹೇಳಿ.” ಈ ಕೊನೆಯ ವಾಕ್ಯವನ್ನು ನಾನು ಇನ್ನೂ ಮನೆಯಲ್ಲಿ ಹೇಳಿಲ್ಲ. ಮಿಕ್ಸಿಯನ್ನೇ ಬದಲಾಯಿಸಿಬಿಡಲೇ ಎಂದು ಕೇಳಿದರೆ ಅವನಿಗೆ ಸಿಟ್ಟು ಬಂತು. “ತಾಮ್ರದ ವೈಂಡಿಂಗ್ ಸಾರ್ ಇದು. ಹೊಸದಕ್ಕೆ ದುಡ್ಡು ಹಾಕ್ಬೇಡಿ.” ಜಾರಿನ ಮೇಲೊಂದು ಚೂರು ಟೇಪು ಅಂಟಿಸಿ, ಬಾಲ್ ಪೆನ್ನಿನಲ್ಲಿ ‘ಮೇಷ್ಟ್ರು’ ಎಂದು ಬರೆದು, ಗೋಡೆಯ ಹಲಗೆಯ ಮೇಲೆ ಇತರ ಜಾರುಗಳ ಸಾಲಿಗೆ ಸೇರಿಸಿದ. ಅಲ್ಲಿಗೆ ನಾನೂ ಬೆಂಚು ಸೇರಿದಂತಾಯಿತು.

ನಡುವೆ ಸಹನೆ ಕೆಟ್ಟು ಕಂಪನಿಗೂ ಫೋನು ಮಾಡಿದ್ದೆ. ಕನ್ನಡಕ್ಕಾಗಿ ಒಂದು ಗುಂಡಿ ಒತ್ತಿಸಿಕೊಂಡು, ವೀಣೆ ನುಡಿಸಿ, ಕೊನೆಗೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ನನ್ನ ಜನ್ಮದಲ್ಲಿ ಯಾವ ಅಂಗಡಿಯವರೂ ಅಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲ. ಆ ಮಾಡೆಲ್ಲಿನ ಜಾರು ಬರುವುದು ನಿಂತಿದೆ, ಎಕ್ಸ್‌ಚೇಂಜ್‌ನಲ್ಲಿ ಹೊಸ ಮಿಕ್ಸಿ ಕೊಳ್ಳಿ ಎಂದು ಅತ್ಯಂತ ವಿನಯದಿಂದ ಹೇಳಿ ನನಗೆ ಶುಭದಿನ ಹಾರೈಸಿದಳು. ರಿಪೇರಿಯೂ ಗ್ರಾಹಕನ ಹಕ್ಕು ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನೇ ತೆರೆದಿದೆ. ನನ್ನ ಶಿಷ್ಯನಿಗೆ ಹೇಳಿದೆ. “ಬುಷ್ ಸಿಗುತ್ತಾ ಸಾರ್ ಅದ್ರಲ್ಲಿ?” ಎಂದು ಕೇಳಿದ.

ಸಂಜೆ ವಾಕಿಂಗಿಗೆ ಜೊತೆಯಾಗುವ ವಕೀಲ ಮಿತ್ರರಿಗೆ ಇದೆಲ್ಲ ಕಂಡರೆ ಕೆಂಡ. ಗ್ರಾಹಕ ರಕ್ಷಣೆಗೆ 1986ರಲ್ಲೇ ಕಾನೂನು ಬಂದಿದೆ, ಅದರ ಜಾಗಕ್ಕೆ ಬಂದ 2019ರ ಹೊಸ ಕಾನೂನು 2020ರ ಜುಲೈಯಿಂದ ಜಾರಿಯಲ್ಲಿದೆ, 1915ಕ್ಕೆ ಫೋನು ಮಾಡಿದರೂ ದೂರು ತೆಗೆದುಕೊಳ್ಳುತ್ತಾರೆ, ನೀವೊಬ್ಬರು ಸುಮ್ಮನೆ ಕೂತಿದ್ದೀರಿ ಎಂದು ರೇಗಿದರು. “ರಸೀದಿ ಏನಿದೆ?” ಎಂದರು. ಟೇಪಿನ ಚೂರಿದೆ, ಅದೂ ಜಾರಿನ ಮೇಲೆ, ಜಾರು ಅವನ ಹತ್ತಿರ ಎಂದೆ. ಚಪ್ಪಲಿ ಹೊಲಿಯುವವರ ಮೇಲಾದರೂ ಹಾಕೋಣವೆಂದು ಹೊರಟರು. ಹೊಲಿಸಿಕೊಂಡು ಬಂದ ಎರಡನೇ ದಿನಕ್ಕೇ ಉಂಗುಷ್ಟ ಮತ್ತೆ ಕಿತ್ತಿತ್ತು. ಆದರೆ ಮರದಡಿಯ ಆ ಮುದುಕರು ನನ್ನಿಂದ ದುಡ್ಡು ಪಡೆದಿರಲಿಲ್ಲ. “ಎರಡು ಹೊಲಿಗೆಗೆ ಏನ್ ಕಾಸು, ಹೋಗಿ ಸಾಮಿ” ಎಂದಿದ್ದರು. ವಕೀಲರು ಅಲ್ಲೇ ನಿಂತರು. ಹಣ ಪಡೆಯದೆ ಮಾಡಿದ್ದು ಈ ಕಾನೂನಿನ ಲೆಕ್ಕದಲ್ಲಿ ಸೇವೆಯೇ ಅಲ್ಲವಂತೆ. ನನಗೆ ಎಷ್ಟೋ ಸಮಾಧಾನವಾಯಿತು.

ಜಾರು ಇಲ್ಲದ್ದರಿಂದ ಅಟ್ಟದ ಮೇಲಿದ್ದ ಒರಳು ಕೆಳಗಿಳಿದಿದೆ. ರುಬ್ಬುವವನು ನಾನು. ಚಟ್ನಿ ಮೊದಲಿಗಿಂತ ರುಚಿಯಾಗಿದೆ ಎಂದು ಮನೆಯಲ್ಲಿ ಮಾತು ಶುರುವಾಗಿದೆ, ನನ್ನ ಭಯವೂ ಅದೇ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರಾದರೂ ನಮ್ಮ ಬಡಾವಣೆ ಕಡೆ ಬರುವವರಿದ್ದರೆ, ಆ ಮಿಕ್ಸಿ ಅಂಗಡಿಗೆ ಹೋಗಿ ಮೇಷ್ಟ್ರ ಜಾರು ಆಯಿತೇ ಎಂದು ಒಂದು ಮಾತು ಕೇಳಿ. ನಾನು ಕಳಿಸಿದೆ ಅನ್ನಬೇಡಿ. ಆಗಿದ್ದರೆ ಮುಚ್ಚಳ ಮರೆಯದೆ ತೆಗೆದುಕೊಳ್ಳಿ. ಬಿಳಿಯದು, ಅಂಚಿನಲ್ಲಿ ಸಣ್ಣ ಸೀಳಿದೆ.