ಮೊದಲ ವರ್ಷದ ಟಾರ್ಟ್ ವಿದ್ಯಾರ್ಥಿ

ಬೆಳಿಗ್ಗೆ ಲಾ ಕಾಲೇಜಿನಲ್ಲಿ ಟಾರ್ಟ್ ಎಂಬ ಅಪಕೃತ್ಯ ಕಾನೂನನ್ನು ಓದಿ, ಸಂಜೆ ಮೋಟಾರು ಅಪಘಾತದ ಕೇಸು ನಡೆಸುವ ವಕೀಲರ ಆಫೀಸಿನಲ್ಲಿ ಫೈಲು ಹೊಲಿಯುವ ಯುವಕನೇ ಟಾರ್ಟ್ ವಿದ್ಯಾರ್ಥಿ. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲೆಲ್ಲ ಈತ ಸಿಗುತ್ತಾನೆ. ಯುವತಿಯರಲ್ಲೂ ಈ ಬಗೆ ಉಂಟು. ಲಕ್ಷಣಗಳು ಅವೇ, ನೋಟ್ಸು ಮಾತ್ರ ಓದಲು ಬರುವಂತಿರುತ್ತದೆ. 1961ರ ವಕೀಲರ ಕಾಯ್ದೆಯ ಪ್ರಕಾರ, ಪದವಿ ಮುಗಿಸಿ ಸನ್ನದು ಪಡೆಯುವವರೆಗೆ ವಕೀಲನಾಗಿ ಕೋರ್ಟಿನಲ್ಲಿ ವಾದಿಸುವ ಹಕ್ಕು ಈತನಿಗಿಲ್ಲ. ಹಾಗಾಗಿ ವಾದವೆಲ್ಲ ಮನೆಯಲ್ಲಿ ನಡೆಯುತ್ತದೆ.

ಟಾರ್ಟ್ ಎಂದರೆ ಸಿವಿಲ್ ತಪ್ಪು. ಯಾವ ಕರಾರಿಗೂ ಸಹಿ ಹಾಕದಿದ್ದರೂ, ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಕಾನೂನೇ ಹೊರಿಸಿದ ಹೊಣೆಯನ್ನು ಮೀರಿದರೆ ಅದು ಹುಟ್ಟುತ್ತದೆ. ಅದಕ್ಕೆ ಮುಖ್ಯ ಮದ್ದು ಜೈಲಲ್ಲ, ನಷ್ಟಪರಿಹಾರ. ಈ ವ್ಯಾಖ್ಯೆ ಬಾಯಿಪಾಠವಾದ ವಾರದಲ್ಲೇ ಮೊದಲ ಬದಲಾವಣೆ ಕಾಣುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಏನೇ ಕೆಟ್ಟರೂ ಗ್ರಹಚಾರ, ದೃಷ್ಟಿ, ಎದ್ದ ಮಗ್ಗುಲು ಎಂಬ ಮೂರು ಕಾರಣಗಳಲ್ಲಿ ಮುಗಿಯುತ್ತಿತ್ತು. ಈಗ ಪ್ರತಿವಾದಿ ಬೇಕು. ಬಚ್ಚಲಲ್ಲಿ ಅಜ್ಜಿ ಜಾರಿದರೆ ಸೋಪನ್ನು ನೆಲದ ಮೇಲೆ ಬಿಟ್ಟ ತಮ್ಮ ಒಂದನೇ ಪ್ರತಿವಾದಿ, ನುಣುಪು ಟೈಲ್ಸ್ ಹಾಕಿದ ಮೇಸ್ತ್ರಿ ಎರಡನೆಯವನು, ಅದೇ ಬಣ್ಣ ಬೇಕೆಂದು ಹಟ ಹಿಡಿದ ಅಪ್ಪ ಮೂರನೆಯವರು. ಈ ಪಟ್ಟಿ ತಯಾರಾಗುವ ಹೊತ್ತಿಗೆ ಅಜ್ಜಿಯನ್ನು ಯಾರೋ ಎತ್ತಿ ಕೂರಿಸಿರುತ್ತಾರೆ.

ಎರಡನೆಯ ಲಕ್ಷಣ ತಂಪು ಪಾನೀಯದ ಅಂಗಡಿಯಲ್ಲಿ ಹೊರಬೀಳುತ್ತದೆ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಒಬ್ಬಾಕೆ ಕುಡಿದ ಜಿಂಜರ್ ಬಿಯರ್ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತೆಂದು ದಾವೆ ಹೂಡಲಾಯಿತು. ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ಎಂಬ ಈ ಮೊಕದ್ದಮೆಯಲ್ಲಿ, ಕುಡಿಯುವವರ ಜೊತೆ ಕರಾರಿಲ್ಲದಿದ್ದರೂ ತಯಾರಕರು ಎಚ್ಚರ ವಹಿಸಲೇಬೇಕೆಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಹುಳು ನಿಜವಾಗಿ ಇತ್ತೇ ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಆದರೂ ಟಾರ್ಟ್ ವಿದ್ಯಾರ್ಥಿ ಅದನ್ನು ಹುಡುಕುವುದನ್ನು ಬಿಟ್ಟಿಲ್ಲ. ಬಾದಾಮಿ ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಯೇ ಕುಡಿಯುತ್ತಾನೆ. ದುಡ್ಡನ್ನು ಸ್ನೇಹಿತನಿಂದ ಕೊಡಿಸುತ್ತಾನೆ. ಪೈಸ್ಲಿಯಲ್ಲೂ ಬಿಲ್ಲು ಕೊಟ್ಟದ್ದು ಆಕೆಯ ಜೊತೆಗಾರರೇ ಎಂಬ ಪೂರ್ವನಿದರ್ಶನ ಈತನ ಬಳಿ ಇದೆ.

ಮೂರನೆಯದು ಲ್ಯಾಟಿನ್. ಹಕ್ಕಿಗೆ ಧಕ್ಕೆಯಾಗದೆ ಬರೀ ನಷ್ಟವಾದರೆ ಪರಿಹಾರವಿಲ್ಲ ಎಂಬ ಸೂತ್ರಕ್ಕೆ 'ಡ್ಯಾಮ್ನಮ್ ಸೈನ್ ಇಂಜೂರಿಯಾ' ಎಂದು ಹೆಸರು. ಇದಕ್ಕೆ ಪ್ರತಿ ಪುಸ್ತಕವೂ ಕೊಡುವ ಉದಾಹರಣೆ 1410ರ ಗ್ಲಾಸ್ಟರ್ ಶಾಲೆಯ ಮೊಕದ್ದಮೆ: ಎದುರಿಗೆ ಇನ್ನೊಂದು ಶಾಲೆ ತೆರೆದು, ಹಳೆಯ ಮೇಷ್ಟರು ಫೀಜು ಇಳಿಸಬೇಕಾಗಿ ಬಂದರೂ ಅವರಿಗೆ ಪರಿಹಾರ ಸಿಗಲಿಲ್ಲ. ಅಪ್ಪನ ದಿನಸಿ ಅಂಗಡಿಯ ಎದುರು ಸೂಪರ್ ಮಾರ್ಕೆಟ್ ಬಂದ ದಿನ ಈ ಜ್ಞಾನ ಮನೆಯಲ್ಲಿ ಹಂಚಿಕೆಯಾಗುತ್ತದೆ. "ಆರುನೂರು ವರ್ಷ ಓದಿ ನೀವು ಕಲಿತಿದ್ದು ಇಷ್ಟೇನಾ?" ಎಂದು ಅಪ್ಪ ಕೇಳುತ್ತಾರೆ. ಮುಂದಿನ ಸೆಮಿಸ್ಟರಿನ ಫೀಜು ಕೇಳಲು ಅದು ಸರಿಯಾದ ಹೊತ್ತಲ್ಲ ಎಂದು ವಿದ್ಯಾರ್ಥಿಗೂ ಹೊಳೆಯುತ್ತದೆ.

ನ್ಯೂಸೆನ್ಸ್ ಅಧ್ಯಾಯಕ್ಕೆ ನೆರೆಮನೆ ಬೇಕು. ಪಕ್ಕದವರ ತೆಂಗಿನಮರ ಕಾಂಪೌಂಡಿನ ಈಚೆ ಬಾಗಿದ್ದರೆ ಅದು ನ್ಯೂಸೆನ್ಸ್, ಬಿದ್ದ ಕಾಯಿಯನ್ನು ಎತ್ತಿಕೊಳ್ಳಲು ಅವರು ಅಪ್ಪಣೆಯಿಲ್ಲದೆ ಒಳಗೆ ಬಂದರೆ ಅತಿಕ್ರಮ ಪ್ರವೇಶ, ಅವರ ಸಂಪು ಒಡೆದು ನೀರು ಈ ಕಡೆ ನುಗ್ಗಿದರೆ ಈತನ ಲೆಕ್ಕದಲ್ಲಿ 1868ರ ರೈಲ್ಯಾಂಡ್ಸ್ ತೀರ್ಪಿನ ಕಟ್ಟುನಿಟ್ಟಿನ ಹೊಣೆ. ಇದನ್ನೆಲ್ಲ ಬಿಡಿಸಿ ಹೇಳಲು ಹೋದಾಗ ಪಕ್ಕದ ಮನೆಯ ಆಂಟಿ, "ಈಚೆ ಬಿದ್ದ ಕಾಯಿ ನೀವೇ ಇಟ್ಕೊಳಪ್ಪ, ಚಟ್ನಿಗಾಗತ್ತೆ" ಎಂದುಬಿಡುತ್ತಾರೆ. ವ್ಯಾಜ್ಯದ ಕಾರಣವೇ ಹೀಗೆ ಚಟ್ನಿಯಾದಾಗ ಏನು ಮಾಡಬೇಕೆಂದು ಪಠ್ಯದಲ್ಲಿಲ್ಲ.

ಲಿಫ್ಟ್ ಕೇಳುವುದೂ ಕಷ್ಟವಾಗುತ್ತದೆ. ಪೆಟ್ರೋಲ್ ಹಾಕಿಸಲು ಹೊರಟಿದ್ದ ಜೀಪಿಗೆ ಇಬ್ಬರು ಅಪರಿಚಿತರು ಹತ್ತಿಕೊಂಡದ್ದು, ಮುಂದಿನ ಚಕ್ರದ ಬೋಲ್ಟು ಕಳಚಿ ಜೀಪು ಮಗುಚಿದ್ದು, ಅವರಲ್ಲೊಬ್ಬ ತೀರಿಕೊಂಡದ್ದು ಪದ್ಮಾವತಿ ವಿರುದ್ಧ ದುಗ್ಗನಾಯ್ಕ ಪ್ರಕರಣದ ಕಥೆ. ಇದು ಆಕಸ್ಮಿಕ, ಮೇಲಾಗಿ ಅವರು ತಾವಾಗಿಯೇ ಹತ್ತಿದವರು. ಆದ್ದರಿಂದ ಚಾಲಕನೂ ಮಾಲೀಕನೂ ಹೊಣೆಯಲ್ಲ ಎಂದು ನಮ್ಮ ಹೈಕೋರ್ಟೇ ಹೇಳಿತು. ಇದನ್ನು ಓದಿದವನು ಬೈಕಿನ ಹಿಂದೆ ಕೂರುವ ಮುನ್ನ ಬಗ್ಗಿ ನಟ್ಟು ನೋಡುತ್ತಾನೆ. ಬೈಕು ಅಷ್ಟರಲ್ಲಿ ಹೊರಟುಹೋಗಿರುತ್ತದೆ.

ಈ ಅವಸ್ಥೆಯ ತುದಿ ಅಡುಗೆಮನೆಯಲ್ಲಿದೆ. 1989ರ ಜಮ್‌ಶೆಡ್‌ಪುರದ ಬೆಂಕಿ ದುರಂತದ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿಯ ಬೆಲೆ ಕಟ್ಟಿತು. ತಾಯಿಯ ಕೆಲಸಕ್ಕೂ ಕಾನೂನಿನಲ್ಲಿ ಮೌಲ್ಯವಿದೆ ಎಂದು ಮಗ ಅಭಿಮಾನದಿಂದ ತಿಳಿಸುತ್ತಾನೆ. ಅಮ್ಮ ಒಗ್ಗರಣೆ ಹಾಕುತ್ತಲೇ ಲೆಕ್ಕ ಮಾಡುತ್ತಾರೆ: ಮದುವೆಯಾಗಿ ಇಪ್ಪತ್ತೈದು ವರ್ಷ, ಒಟ್ಟು ಒಂಬತ್ತು ಲಕ್ಷ, ಬಡ್ಡಿ ಬೇರೆ. ಮಗ ಅಪ್ಪನ ಕಡೆ ನೋಡುತ್ತಾನೆ. ಅಪ್ಪ ಪೇಪರು ಓದುತ್ತಿರುತ್ತಾರೆ. ಈ ಬಾಕಿಯ ವಸೂಲಿ ಯಾವ ಕೋರ್ಟಿನ ವ್ಯಾಪ್ತಿಗೂ ಬರುವುದಿಲ್ಲ.

ಕಾಲೇಜು ಹತ್ತಿಸಿದ ಜ್ವರವನ್ನು ಸೀನಿಯರ್ ವಕೀಲರ ಆಫೀಸು ಇಳಿಸುತ್ತದೆ. ಪುಸ್ತಕದಲ್ಲಿ ನಿರ್ಲಕ್ಷ್ಯಕ್ಕೆ ಮೂರು ಅಂಗಗಳು: ಎಚ್ಚರದ ಹೊಣೆ, ಅದರ ಉಲ್ಲಂಘನೆ, ಅದರಿಂದಾದ ಹಾನಿ. ಆಫೀಸಿನಲ್ಲೂ ಮೂರೇ: ಎಫ್‌ಐಆರ್, ಇನ್ಶೂರೆನ್ಸ್, ಬಿಲ್ಲು. ಕಕ್ಷಿದಾರರು ಬಂದಾಗ ಸೀನಿಯರ್ ಬಸವನಹುಳುವಿನ ಮಾತೆತ್ತುವುದಿಲ್ಲ, "ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತಾ?" ಎಂದು ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಕ್ಲೇಮ್ ಅರ್ಜಿ ಸಿದ್ಧವಾಗಬೇಕು. ಅದಕ್ಕೆ ಪೊಲೀಸ್ ಠಾಣೆಯಿಂದ ದೂರು, ಸ್ಥಳ ಮಹಜರು, ಸ್ಕೆಚ್ಚು, ಚಾರ್ಜ್‌ಶೀಟು. ಮೋಟಾರು ವಾಹನ ಇನ್ಸ್‌ಪೆಕ್ಟರರ ವರದಿ. ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟು, ಡಿಸ್‌ಚಾರ್ಜ್ ಸಮರಿ, ಎಕ್ಸ್‌ರೇ ತರಬೇಕು. ಇವನ್ನು ತರುವವನೇ ವಿದ್ಯಾರ್ಥಿ. ಕಾಪಿ ಕೊಡಲು ಠಾಣೆಯ ರೈಟರ್ "ನಾಳೆ ಬಾ" ಎಂದಾಗ ಈತ ಸಾರ್ವಜನಿಕ ಅಧಿಕಾರಿಯ ಕರ್ತವ್ಯಲೋಪದ ಬಗ್ಗೆ ಯೋಚಿಸುತ್ತಾನೆ, ಮತ್ತು ನಾಳೆ ಹೋಗುತ್ತಾನೆ.

ಬಿಲ್ಲು ಅಂಟಿಸುವುದು ಇನ್ನೊಂದು ವಿದ್ಯೆ. ಮೆಡಿಕಲ್ ಶಾಪಿನ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಬಿಳಿ ಹಾಳೆಗೆ ಅಂಟಿಸಿ, ನಂಬರು ಹಾಕಿ, ಕೂಡಿ ಮೊತ್ತ ಬರೆಯಬೇಕು. ಥರ್ಮಲ್ ಕಾಗದದ ಅಕ್ಷರ ಮಾಸುವ ಮೊದಲು ಜೆರಾಕ್ಸ್ ಮಾಡಿಸಿರಬೇಕು. ಮೂರು ಸಲ ಕೂಡಿದರೆ ಮೂರು ಮೊತ್ತ ಬರುತ್ತದೆ. ಕಟ್ಟಿನ ನಡುವೆ ಆಸ್ಪತ್ರೆ ಕ್ಯಾಂಟೀನಿನ ಇಡ್ಲಿ-ವಡೆ ಬಿಲ್ಲೂ ಸಿಗುತ್ತದೆ. ಅದನ್ನು 'ಪೌಷ್ಟಿಕ ಆಹಾರ'ದ ಬಾಬ್ತಿಗೆ ಸೇರಿಸಬಹುದೆಂದು ಹೇಳಿಕೊಡುವವರು ಹಳೆಯ ಗುಮಾಸ್ತರು. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಬೆರಳಿಡುವುದು ಅದೇ ವಡೆಯ ಮೇಲೆ ಎಂಬುದನ್ನು ಈತ ಮುಂದೆ ತಾನೇ ಕಲಿಯುತ್ತಾನೆ.

ಇದಾದ ಮೇಲೆ ಗುಣಕ. ಗಾಯಾಳುವಿನ ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ದುಡಿಮೆಯ ಶಕ್ತಿ ಶೇಕಡಾ ಎಷ್ಟು ಕುಗ್ಗಿದೆಯೋ ಅಷ್ಟು ಪಾಲನ್ನು ಪರಿಹಾರವಾಗಿ ಹಿಡಿಯುವುದು ಕ್ರಮ. ಗುಣಕದ ಪಟ್ಟಿ 2009ರ ಸರಳಾ ವರ್ಮಾ ತೀರ್ಪಿನಲ್ಲಿದೆ. 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ತಿಂಗಳಿಗೆ 15,000 ದುಡಿಯುವ 32 ವರ್ಷದವರಿಗೆ ಗುಣಕ 16. ಶೇಕಡಾ 10ರಷ್ಟು ಶಕ್ತಿ ಹೋಗಿದ್ದರೆ 2,88,000 ರೂಪಾಯಿ. ಪಟ್ಟಿ ಬಾಯಿಗೆ ಬಂದವನನ್ನು ಮದುವೆಮನೆಗೆ ಕರೆದೊಯ್ಯಬಾರದು. ಪಂಕ್ತಿಯಲ್ಲಿ ಕೂತವರೆಲ್ಲ ಈತನ ಕಣ್ಣಿಗೆ ವಯಸ್ಸು, ಆದಾಯ, ಅವಲಂಬಿತರಾಗಿ ಕಾಣುತ್ತಾರೆ. ಐವತ್ತೊಂದು ತುಂಬಿದ ಚಿಕ್ಕಪ್ಪನಿಗೆ ಶುಭಾಶಯ ಕೋರುತ್ತ, "ನಿನ್ನೆವರೆಗೂ ನಿಮಗೆ ಹದಿಮೂರು ಇತ್ತು ಚಿಕ್ಕಪ್ಪ, ಇವತ್ತಿಂದ ಹನ್ನೊಂದು" ಎನ್ನುತ್ತಾನೆ. ಚಿಕ್ಕಪ್ಪ ಅದನ್ನು ಜಾತಕದ ಮಾತೆಂದು ತಿಳಿದು ಶಾಂತಿ ಮಾಡಿಸಲು ಹೊರಡುತ್ತಾರೆ.

ಅಂಗವೈಕಲ್ಯದ ಲೆಕ್ಕ ಬಂದಾಗ ಈತನ ನಗೆ ಸ್ವಲ್ಪ ಕಡಿಮೆಯಾಗುತ್ತದೆ. ದೇಹಕ್ಕಾದ ಊನ ಬೇರೆ, ದುಡಿಮೆಗಾದ ನಷ್ಟ ಬೇರೆ ಎಂದು 2010ರ ರಾಜ್‌ಕುಮಾರ್ ತೀರ್ಪು ವಿವರಿಸಿದೆ. ಎಡಗೈ ಹೋದರೆ ಡ್ರೈವರನಿಗೋ ಬಡಗಿಗೋ ಹೆಚ್ಚುಕಡಿಮೆ ಎಲ್ಲವೂ ಹೋದಂತೆ. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಡಾಕ್ಟರು ಶೇಕಡಾ 40 ಎಂದು ಬರೆದದ್ದನ್ನು ವಿಮಾ ವಕೀಲರು ಹತ್ತಕ್ಕಿಳಿಸಲು ನೋಡುತ್ತಾರೆ, ಸೀನಿಯರ್ ನಲವತ್ತರಲ್ಲೇ ನಿಲ್ಲಿಸಲು ನೋಡುತ್ತಾರೆ. ನಡುವೆ ಬೆಂಚಿನ ಮೇಲೆ, ಕಾಲಿಗೆ ರಾಡು ಹಾಕಿಸಿಕೊಂಡ ಗಾರೆ ಕೆಲಸದವರು ತಮ್ಮ ಕಾಲಿನ ಬಗ್ಗೆ ಇವರಿಗೆಲ್ಲ ಇಷ್ಟು ಗೊತ್ತಿರುವುದನ್ನು ಕಂಡು ಬೆರಗಾಗಿ ಕೂತಿರುತ್ತಾರೆ.

ಪರೀಕ್ಷೆಯಲ್ಲಿ ಇದಾವುದೂ ಬರುವುದಿಲ್ಲ. ಅಲ್ಲಿ 'ಎ' ಎಂಬುವನು 'ಬಿ' ಎಂಬುವನ ಮೇಲೆ ವಾಹನ ಹಾಯಿಸುತ್ತಾನೆ, ಇಬ್ಬರ ಬಳಿಯೂ ಎಫ್‌ಐಆರ್ ಇರುವುದಿಲ್ಲ, ಹೊಣೆ ಯಾರದೆಂದು ಚರ್ಚಿಸಬೇಕು. ವಿದ್ಯಾರ್ಥಿ ಅಭ್ಯಾಸಬಲದಿಂದ 'ಬಿ'ಯ ವಯಸ್ಸು ಹುಡುಕಿ, ಸಿಗದೆ, ಪೈಸ್ಲಿಯ ಹುಳುವಿನಿಂದ ಪುಟ ತುಂಬಿಸಿ ಪಾಸಾಗುತ್ತಾನೆ.

ಟಾರ್ಟ್ ಮುಗಿದ ಮೇಲೆ ಹೆಚ್ಚಿನವರಲ್ಲಿ ಲಕ್ಷಣಗಳು ತಾವಾಗಿ ಇಳಿಯುತ್ತವೆ. ಕೌಟುಂಬಿಕ ಕಾನೂನು ಶುರುವಾದೊಡನೆ ಈತ ನೆರೆಯವರ ತೆಂಗಿನಮರ ಬಿಟ್ಟು ಅವರ ದಾಂಪತ್ಯವನ್ನು ಗಮನಿಸತೊಡಗುತ್ತಾನೆ. ಆಫೀಸು ಬಿಡದೆ ಉಳಿದವರು ಸನ್ನದಿನ ನಂತರ ಅರ್ಜಿದಾರರ ಕಡೆಯವರು, ಕಂಪನಿಯ ಕಡೆಯವರು ಎಂದು ಎರಡು ಪಂಗಡವಾಗುತ್ತಾರೆ. ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂರುತ್ತಾರೆ, ಲೋಕ ಅದಾಲತ್ತಿನಲ್ಲಿ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತಾರೆ. ಕಲಿಕೆ ಪೂರ್ತಿಯಾದುದಕ್ಕೆ ಇರುವ ಪರೀಕ್ಷೆ ಒಂದೇ. ಪರಿಚಯದವರು ಬಿದ್ದು ಕೈ ಮುರಿದುಕೊಂಡು ಎದುರಿಗೆ ಬಂದಾಗ ಹಳೆಯ ವಿದ್ಯಾರ್ಥಿ ತಪ್ಪು ಯಾರದೆಂದು ವಿಚಾರಿಸಿದರೆ ಕಲಿಕೆ ಇನ್ನೂ ಬಾಕಿ ಇದೆ ಎಂದರ್ಥ. "ಬಿಲ್ಲೆಲ್ಲ ಇಟ್ಕೊಂಡಿದೀರಾ?" ಎಂದು ಕೇಳಿದರೆ ಮುಗಿದಿದೆ.