ಲೆಕ್ಕ ಬಾರದ ಜಾಣನ ಜೊತೆ ಮಾತುಕತೆ

ಐಪ್ಯಾಡನ್ನು ಸಂದರ್ಶನಕ್ಕೆ ಒಪ್ಪಿಸುವುದು ಕಷ್ಟವಾಗಲಿಲ್ಲ. ಮುಖ ಕಂಡ ಕೂಡಲೇ ಬಾಗಿಲು ತೆರೆಯುವ ಅಭ್ಯಾಸ ಅದರ ಪ್ರೊ ಮನೆತನಕ್ಕೆ 2018ರಿಂದಲೇ ಇದೆ. ಒಂದು ಷರತ್ತು ಮಾತ್ರ ಹಾಕಿತು: ‘ಮುಂದೆ ಏನು ಬರುತ್ತದೆ ಅಂತ ಕೇಳಬೇಡಿ, ನನಗೇ ಗೊತ್ತಿರುವುದಿಲ್ಲ.’ ಸರಿ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಬಹುದಲ್ಲ?

ನಾನು: ನಮಸ್ಕಾರ. ಆರೋಗ್ಯ ಹೇಗಿದೆ?

ಐಪ್ಯಾಡ್: ಭರ್ಜರಿ. 2010ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸೋಫಾ ಮೇಲೆ ಕೂತು ನನ್ನನ್ನು ಲೋಕಕ್ಕೆ ತೋರಿಸಿದಾಗ 13.4 ಮಿಲಿಮೀಟರ್ ದಪ್ಪ ಇದ್ದೆ, 680 ಗ್ರಾಂ ತೂಗುತ್ತಿದ್ದೆ. 2024ರ ಹದಿಮೂರು ಇಂಚಿನ ಪ್ರೊ ಅವತಾರದಲ್ಲಿ 5.1 ಮಿಲಿಮೀಟರ್. ಪಕ್ಕದಿಂದ ನೋಡಿದರೆ ಇದ್ದೇನೋ ಇಲ್ಲವೋ ಅನ್ನಿಸಬೇಕು.

ನಾನು: ಇಷ್ಟು ಸಣ್ಣಗಾಗಿ ಅಂತ ಯಾರು ಹೇಳಿದ್ದರು?

ಐಪ್ಯಾಡ್: ಯಾರೂ ಹೇಳಲಿಲ್ಲ.

ನಾನು: ಜನ ಕೇಳಿದ್ದು ಬ್ಯಾಟರಿ.

ಐಪ್ಯಾಡ್: ಕೊಟ್ಟಿದ್ದೇವಲ್ಲ, 10 ಗಂಟೆ.

ನಾನು: 2010ರಲ್ಲೂ 10 ಗಂಟೆಯೇ ಇತ್ತು.

ಐಪ್ಯಾಡ್: ಮಾತು ಕೊಟ್ಟ ಮೇಲೆ ಬದಲಿಸಬಾರದು. ಚಿಪ್ಪು ವರ್ಷವರ್ಷವೂ ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವುದನ್ನು ಕಲಿಯಿತು. ಆ ಉಳಿತಾಯವನ್ನು ಪರದೆಯ ಬೆಳಕಿಗೂ ನನ್ನ ಸೊಂಟ ಕರಗಿಸುವುದಕ್ಕೂ ಹಾಕಿದರು. ನಿಮ್ಮ ಪಾಲಿಗೆ ಅದೇ 10 ಗಂಟೆ ಬಂತು.

ನಾನು: ಕ್ಯಾಮೆರಾ ವಿಷಯಕ್ಕೆ ಬರೋಣ. ಹುಟ್ಟಿದಾಗ ನಿಮಗೆ ಕಣ್ಣೇ ಇರಲಿಲ್ಲ.

ಐಪ್ಯಾಡ್: 2011ರಲ್ಲಿ ಮುಂದೊಂದು ಹಿಂದೊಂದು ಕೊಟ್ಟರು. ಮುಂದಿನದೇನೋ ಸರಿ. ಹಿಂದಿನದನ್ನು ನೀವು ಮದುವೆಮನೆಗೆ ಒಯ್ದಿರಿ. ಮಾಂಗಲ್ಯಧಾರಣೆಯ ಹೊತ್ತಿಗೆ ಮೊದಲ ಸಾಲಿನ ಮಾವನೊಬ್ಬ ಎದ್ದು ನಿಂತು ಎರಡೂ ಕೈಯಲ್ಲಿ ನನ್ನನ್ನು ತಲೆ ಮೇಲೆ ಎತ್ತಿ ಹಿಡಿಯುತ್ತಿದ್ದ. ಹಿಂದೆ ಕೂತ ನೂರಾರು ಮಂದಿ ಮುಹೂರ್ತ ನೋಡಿದ್ದು ನನ್ನ ಪರದೆಯಲ್ಲೇ. ಅವರು ಹಾಕಿದ ಶಾಪ ಮಾತ್ರ ನನಗೆ ತಟ್ಟಿತು.

ನಾನು: ಮುಂದಿನ ಕ್ಯಾಮೆರಾವೂ ಸರಿಯಿರಲಿಲ್ಲ. ಅದನ್ನು ಗಿಡ್ಡ ಬದಿಯಲ್ಲಿ ಕೂರಿಸಿದ್ದರು. ಕೀಬೋರ್ಡ್ ಹಚ್ಚಿ ನಿಮ್ಮನ್ನು ಅಡ್ಡಲಾಗಿ ನಿಲ್ಲಿಸಿದರೆ ಅದು ಎಡಗಡೆಗೆ ಹೋಗುತ್ತಿತ್ತು. ಸ್ಯಾನ್‌ಹೊಸೆಯಲ್ಲಿರುವ ಮಗನಿಗೆ ವಾರವಾರವೂ ಮೈಸೂರಿನ ಅಪ್ಪನ ಕಿವಿ ಕಾಣಿಸುತ್ತಿತ್ತು.

ಐಪ್ಯಾಡ್: ಸರಿಪಡಿಸಿದೆವಲ್ಲ. 2022ರಲ್ಲಿ ಹತ್ತನೇ ತಲೆಮಾರಿನ ಸಾದಾ ಐಪ್ಯಾಡ್‌ನಲ್ಲಿ ಕ್ಯಾಮೆರಾ ಉದ್ದ ಬದಿಗೆ ಬಂತು. ಪ್ರೊಗೆ ಬಂದದ್ದು 2024ರಲ್ಲಿ.

ನಾನು: ಹೆಚ್ಚು ದುಡ್ಡು ಕೊಟ್ಟವರ ಅಪ್ಪನ ಮುಖ ಎರಡು ವರ್ಷ ತಡವಾಗಿ ಕಂಡಿತು ಅನ್ನಿ. ಈಗ ಪೆನ್ಸಿಲ್ ಕಥೆ ಹೇಳಿ.

ಐಪ್ಯಾಡ್: (ಪರದೆಯ ಬೆಳಕು ತುಸು ತಗ್ಗಿಸಿ) ಅದು ಮನೆಯೊಳಗಿನ ವಿಚಾರ.

ನಾನು: 2007ರಲ್ಲಿ ಐಫೋನ್ ತೋರಿಸುವಾಗ ಜಾಬ್ಸ್ ಕಡ್ಡಿ ಹಿಡಿದು ಬರೆಯುವವರನ್ನೆಲ್ಲ ಗೇಲಿ ಮಾಡಿದ್ದರು. ದೇವರು ಕೊಟ್ಟ ಬೆರಳಿರುವಾಗ ಕಡ್ಡಿ ಯಾಕೆ ಎಂಬುದು ವಾದ. 2015ರಲ್ಲಿ ಅದೇ ಮನೆಯವರು ಕಡ್ಡಿ ತಂದರು.

ಐಪ್ಯಾಡ್: ಅದು ಕಡ್ಡಿ ಅಲ್ಲ, ಪೆನ್ಸಿಲ್.

ನಾನು: ಅದಕ್ಕೆ ಚಾರ್ಜ್ ಮಾಡುತ್ತಿದ್ದದ್ದು ಹೇಗೆ ಅಂತ ಓದುಗರಿಗೆ ನೀವೇ ಹೇಳಿಬಿಡಿ.

ಐಪ್ಯಾಡ್: ಹಿಂಬದಿಯ ಪುಟಾಣಿ ಮುಚ್ಚಳ ತೆಗೆಯಬೇಕು. ಅದು ದಿವಾನದ ಕೆಳಗೆ ಉರುಳಿ ಹೋಗುತ್ತದೆ. ಹುಡುಕಿ ತಂದು ಜೋಪಾನ ಮಾಡಿ, ಪೆನ್ಸಿಲ್ಲಿನ ತುದಿಯನ್ನು ನನ್ನ ಚಾರ್ಜಿಂಗ್ ತೂತಿಗೆ ಚುಚ್ಚಬೇಕು. ಗೇಣುದ್ದದ ಕಡ್ಡಿ ಪಕ್ಕೆಯಿಂದ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಆಗ ಮನೆಯ ಮಕ್ಕಳು ಆ ಕಡೆ ಓಡಾಡಬಾರದು.

ನಾನು: 2018ರಲ್ಲಿ ಎರಡನೇ ಪೆನ್ಸಿಲ್ ಬಂತು. ಉದ್ದ ಬದಿಗೆ ತಾಗಿಸಿದರೆ ಮ್ಯಾಗ್ನೆಟ್‌ಗೆ ಕಚ್ಚಿಕೊಂಡು ತಾನೇ ಚಾರ್ಜ್ ಆಗುತ್ತಿತ್ತು. ನಿಜಕ್ಕೂ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು.

ಐಪ್ಯಾಡ್: ನಿಲ್ಲಿಸುವುದು ನಮ್ಮ ರಕ್ತದಲ್ಲಿಲ್ಲ. 2022ರಲ್ಲಿ ನಿಮ್ಮ ಮೈಸೂರಿನ ಅಪ್ಪನ ಮುಖ ಕಾಣಲಿ ಅಂತ ಕ್ಯಾಮೆರಾವನ್ನು ಉದ್ದ ಬದಿಗೆ ತಂದೆವಲ್ಲ, ಪ್ರೊನಲ್ಲಿ ಪೆನ್ಸಿಲ್ ಕಚ್ಚಿಕೊಳ್ಳುವ ಜಾಗವೂ ಅದೇ. ಹಾಗಾಗಿ ಆ ಸಾದಾ ಮಾದರಿಗೆ ಮೊದಲನೇ ಪೆನ್ಸಿಲ್ಲೇ ಗತಿಯಾಯಿತು. ಆದರೆ ಅಷ್ಟರಲ್ಲಿ ನನ್ನ ತೂತು ಯುಎಸ್‌ಬಿ-ಸಿ ಆಗಿತ್ತು. ಪೆನ್ಸಿಲ್ಲಿನ ತುದಿ ಮಾತ್ರ ಹಳೆಯ ಲೈಟ್ನಿಂಗ್.

ನಾನು: ಆಮೇಲೆ?

ಐಪ್ಯಾಡ್: ಅಡಾಪ್ಟರ್. ಒಂದು ತುದಿಗೆ ಪೆನ್ಸಿಲ್, ಮಧ್ಯೆ ಅಡಾಪ್ಟರ್, ಅದರಾಚೆ ಕೇಬಲ್, ಕೇಬಲ್ಲಿನ ಕೊನೆಯಲ್ಲಿ ನಾನು. 2024ರ ಪ್ರೊನಲ್ಲಿ ಕ್ಯಾಮೆರಾ, ಮ್ಯಾಗ್ನೆಟ್ ಎರಡನ್ನೂ ಒಂದೇ ಬದಿಯಲ್ಲಿ ಜೋಡಿಸಿ ಗೆದ್ದೆವು. ಎರಡನೇ ಪೆನ್ಸಿಲ್ ಅದಕ್ಕೆ ಆಗುವುದಿಲ್ಲ, ಪೆನ್ಸಿಲ್ ಪ್ರೊ ಅಂತ ಹೊಸದನ್ನು ಕೊಳ್ಳಬೇಕು, ಅಷ್ಟೇ.

(ನಾಲ್ಕಾಣೆಯ ಪೆನ್ಸಿಲ್ ಹಿಡಿದು ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿನವರೆಗೆ ಹೋದ ಪೀಳಿಗೆ ನಮ್ಮದು. ಮೋಟಾದ ಮೇಲೆ ಪೆನ್ನಿನ ಕ್ಯಾಪು ಸಿಕ್ಕಿಸಿ ಬರೆದವರು. ಆ ಕ್ಯಾಪು ಯಾವ ಕಂಪನಿಯ ಪೆನ್ಸಿಲ್ಲಿಗೂ ಆಗುತ್ತಿತ್ತು.)

ನಾನು: ನಿಮ್ಮ ಬುದ್ಧಿಶಕ್ತಿಯ ಬಗ್ಗೆ ಮಾತಾಡೋಣ.

ಐಪ್ಯಾಡ್: ಧಾರಾಳವಾಗಿ. 2024ರ ಮೇ ತಿಂಗಳಲ್ಲಿ ಎಂ4 ಚಿಪ್ಪಿನೊಂದಿಗೆ ಬಂದೆ. ಅದರ ನ್ಯೂರಲ್ ಎಂಜಿನ್ ಸೆಕೆಂಡಿಗೆ 38 ಲಕ್ಷ ಕೋಟಿ ಲೆಕ್ಕ ಮಾಡುತ್ತದೆ.

ನಾನು: ಆ ಮೇ ತಿಂಗಳಲ್ಲಿ ಹಾಲಿನವನ ಲೆಕ್ಕ ಕೂಡಿ ಕೊಡಿ ಅಂದಿದ್ದರೆ?

ಐಪ್ಯಾಡ್: (ಮೌನ)

ನಾನು: ಹೇಳಿ.

ಐಪ್ಯಾಡ್: ಕ್ಯಾಲ್ಕುಲೇಟರ್ ಇರಲಿಲ್ಲ.

ನಾನು: ಹದಿನಾಲ್ಕು ವರ್ಷ ಇರಲಿಲ್ಲ! ಕಿಸೆಯಲ್ಲಿರುವ ನಿಮ್ಮ ಅಣ್ಣ ಐಫೋನ್‌ಗೆ ಹುಟ್ಟಿದಾಗಿನಿಂದ ಇದೆ.

ಐಪ್ಯಾಡ್: ಅಂಗಡಿಯಲ್ಲಿ ಬೇರೆಯವರದು ಬೇಕಾದಷ್ಟು ಸಿಗುತ್ತಿತ್ತಲ್ಲ.

ನಾನು: ಸಿಗುತ್ತಿತ್ತು. ಎರಡಕ್ಕೆ ಎರಡು ಕೂಡುವ ಮುಂಚೆ ಜಾಹೀರಾತು ನೋಡಬೇಕಿತ್ತು. ಯಾಕೆ ಕೊಡಲಿಲ್ಲ?

ಐಪ್ಯಾಡ್: ನಮ್ಮ ಸಾಫ್ಟ್‌ವೇರ್ ಯಜಮಾನ ಕ್ರೇಗ್ ಫೆಡರೀಗಿಯವರನ್ನು 2020ರಲ್ಲೇ ಒಬ್ಬರು ಇದನ್ನು ಕೇಳಿದ್ದರು. ಮಾಡಿದರೆ ತುಂಬಾ ಚೆನ್ನಾಗಿ ಮಾಡಬೇಕು ಅನ್ನುವ ಅರ್ಥದ ಉತ್ತರ ಕೊಟ್ಟರು. ಕೊನೆಗೆ 2024ರ ಜೂನ್‌ನಲ್ಲಿ ಘೋಷಣೆ ಮಾಡಿದಾಗ ಜನ ಚಪ್ಪಾಳೆ ತಟ್ಟಿದರು. ಹವಾಮಾನದ ಆಪ್ ಕೂಡ 2022ರವರೆಗೆ ಇರಲಿಲ್ಲ. ಮಳೆ ಬರುತ್ತದೋ ಇಲ್ಲವೋ ಅಂತ ಜನ ಕಿಟಕಿ ತೆರೆದು ನೋಡುತ್ತಿದ್ದರು, ಅದು ಆರೋಗ್ಯಕ್ಕೂ ಒಳ್ಳೆಯದು.

ನಾನು: ಒಪ್ಪಿದೆ, ಬಂದ ಕ್ಯಾಲ್ಕುಲೇಟರ್ ಚೆನ್ನಾಗಿದೆ. ಪೆನ್ಸಿಲ್ಲಿನಲ್ಲಿ ಲೆಕ್ಕ ಬರೆದು ಸಮಚಿಹ್ನೆ ಎಳೆದರೆ ಉತ್ತರ ನಮ್ಮದೇ ಕೈಬರಹದ ಹಾಗೆ ಮೂಡುತ್ತದೆ. ನನ್ನ ಅಕ್ಷರದಲ್ಲಿ ಸರಿಯುತ್ತರ ಕಂಡದ್ದು ಇದೇ ಮೊದಲು. ಈಗ ಮುಖ್ಯ ವಿಷಯ. ಕಿಟಕಿಗಳು.

ಐಪ್ಯಾಡ್: ಅದನ್ನೂ 2025ರಲ್ಲಿ ಕೊಟ್ಟೆವು. ಐಪ್ಯಾಡ್‌ಒಎಸ್ 26. ಬೇಕಾದಷ್ಟು ವಿಂಡೋ ತೆರೆಯಿರಿ, ಎಳೆಯಿರಿ, ಒಂದರ ಮೇಲೊಂದು ಹಾಕಿ. ಮೇಲೆ ಮೆನು ಪಟ್ಟಿ ಕೂಡ ಇದೆ. ಮೌಸ್ ಬಾಣ ಇಷ್ಟು ವರ್ಷ ದುಂಡಗಿನ ಚುಕ್ಕೆಯಾಗಿತ್ತು, ಈಗ ಬಾಣವೇ ಆಗಿದೆ.

ನಾನು: ಅಲ್ರೀ, 2022ರಲ್ಲಿ ಹಲವು ವಿಂಡೋ ತೆರೆಯುವ ಸ್ಟೇಜ್ ಮ್ಯಾನೇಜರ್ ತಂದಾಗ ಇದಕ್ಕೆಲ್ಲ ಎಂ1 ಚಿಪ್ಪೇ ಬೇಕು, ಹಳೆಯ ಯಂತ್ರಗಳಿಗೆ ತ್ರಾಣ ಸಾಲದು ಅಂದಿರಿ. ಜನ ಗಲಾಟೆ ಮಾಡಿದ ಮೇಲೆ 2018ರ ಪ್ರೊಗೂ ತ್ರಾಣ ಬಂತು. ಈಗ ನೋಡಿದರೆ 2020ರ ಸಾದಾ ಐಪ್ಯಾಡ್‌ನಲ್ಲೂ ವಿಂಡೋ ಏಳುತ್ತಿವೆ. ಯಂತ್ರ ಅದೇ ಹಳೆಯದು. ಶಕ್ತಿ ಎಲ್ಲಿಂದ ಬಂತು?

ಐಪ್ಯಾಡ್: ಅಪ್ಪಣೆ ಬಂತು.

ನಾನು: ಹಾಗೆ ಬನ್ನಿ ದಾರಿಗೆ. 2021ರಲ್ಲಿ ನಿಮಗೆ ಎಂ1 ಹಾಕಿದರು, ಮ್ಯಾಕ್‌ಬುಕ್ ಏರ್‌ನಲ್ಲಿದ್ದ ಅದೇ ಚಿಪ್ಪು. ಅವನು ಅದರಲ್ಲಿ ಪೂರ್ತಿ ಕಂಪ್ಯೂಟರ್ ಆಗಿದ್ದ. ನಿಮ್ಮ ಆಪ್‌ಗಳನ್ನು ಕಟ್ಟುವ ಎಕ್ಸ್‌ಕೋಡ್ ಕೂಡ ಅವನ ಮನೆಯಲ್ಲಿ ಮಾತ್ರ ಓಡುತ್ತದೆ. ಕೀಬೋರ್ಡ್ ಹಚ್ಚಿದರೆ ನಿಮ್ಮ ಹದಿಮೂರು ಇಂಚಿನ ಪ್ರೊ ತೂಕವೂ ಹೆಚ್ಚುಕಡಿಮೆ ಅವನಷ್ಟೇ. ಮ್ಯಾಕ್‌ನ ಸಾಫ್ಟ್‌ವೇರನ್ನೇ ನಿಮಗೂ ಹಾಕಿದರೆ ಏನಾಗುತ್ತದೆ?

ಐಪ್ಯಾಡ್: ನಮ್ಮ ಕಂಪನಿಯ ಮುಖ್ಯಸ್ಥರಾಗಿ ಟಿಮ್ ಕುಕ್ ಅವರು 2012ರಲ್ಲೇ ಹೇಳಿದ್ದಾರೆ. ಟೋಸ್ಟರನ್ನೂ ಫ್ರಿಜ್ಜನ್ನೂ ಕೂಡಿಸಬಹುದು, ಆದರೆ ಬಳಸುವವರಿಗೆ ಅದು ಹಿತವಾಗುವುದಿಲ್ಲ ಅಂತ. 2018ರಲ್ಲಿ ಫೆಡರೀಗಿಯವರು ಇದೇ ಪ್ರಶ್ನೆಗೆ ವೇದಿಕೆಯ ತುಂಬಾ ದೊಡ್ಡಕ್ಷರದಲ್ಲಿ ‘ಇಲ್ಲ’ ಅಂತ ಬರೆಸಿ ತೋರಿಸಿದರು.

ನಾನು: ಕುಕ್ ಅವರನ್ನು ನಮ್ಮ ಅಡುಗೆಮನೆಗೆ ಒಮ್ಮೆ ಕರೆದುಕೊಂಡು ಬನ್ನಿ. ಗ್ರೈಂಡರ್ ಇರುವುದು ಒಂದೇ. ಇಡ್ಲಿಗೆ ರುಬ್ಬುತ್ತದೆ. ಮೇಲೊಂದು ಅಟ್ಯಾಚ್‌ಮೆಂಟ್ ಸಿಕ್ಕಿಸಿದರೆ ಕಾಯಿ ತುರಿಯುತ್ತದೆ, ಇನ್ನೊಂದು ಸಿಕ್ಕಿಸಿದರೆ ಚಪಾತಿ ಹಿಟ್ಟು ಕಲಸುತ್ತದೆ. ಹಿತವಾಗಲಿಲ್ಲ ಅಂತ ಇಷ್ಟು ವರ್ಷದಲ್ಲಿ ಯಾರೂ ವಾಪಸ್ ಕೊಟ್ಟಿಲ್ಲ.

ಐಪ್ಯಾಡ್: ಆ ಗ್ರೈಂಡರ್ ಮಾಡುವವರು ಕಾಯಿ ತುರಿಯುವ ಯಂತ್ರವನ್ನು ಬೇರೆಯಾಗಿ ಮಾರುತ್ತಾರಾ?

ನಾನು: ಇಲ್ಲ.

ಐಪ್ಯಾಡ್: ಮಾರುತ್ತಿದ್ದರೆ ಆ ಅಟ್ಯಾಚ್‌ಮೆಂಟ್ ಬರುತ್ತಿತ್ತಾ?

(ಇಷ್ಟು ಹೇಳಿ ಬೆಚ್ಚಿಬಿದ್ದು, ಈ ಉತ್ತರವನ್ನು ಅಚ್ಚು ಹಾಕಬೇಡಿ ಎಂದು ಕೇಳಿಕೊಂಡಿತು. ಹಾಕಿದ್ದೇನೆ. ನನ್ನ ಮಟ್ಟಿಗೆ ಸಂದರ್ಶನ ಇಲ್ಲಿಗೇ ಸಾರ್ಥಕವಾಯಿತು. ಉಳಿದದ್ದನ್ನು ಮರ್ಯಾದೆಗೆ ಕೇಳಿದೆ.)

ನಾನು: ಒಂದು ಮನೆ, ಒಂದೇ ಐಪ್ಯಾಡ್. ತಾತನಿಗೆ ಪತ್ರಿಕೆ, ಮೊಮ್ಮಗಳಿಗೆ ಆಟ, ಸೊಸೆಗೆ ಆಫೀಸು. ಒಬ್ಬೊಬ್ಬರಿಗೆ ಒಂದೊಂದು ಖಾತೆ ಕೊಡಲು ಏನು ಧಾಡಿ? ಟಿವಿಗೆ ಜೋಡಿಸುವ ನಿಮ್ಮ ಮನೆಯ ಡಬ್ಬಿಗೇ ಆ ಸೌಲಭ್ಯವಿದೆ. ಶಾಲೆಗಳಿಗೆ ಕೊಡುವ ಐಪ್ಯಾಡ್‌ಗೆ 2016ರಿಂದಲೇ ಇದೆ.

ಐಪ್ಯಾಡ್: ಶಾಲೆ ಬಡವರದು. ಮನೆಯವರು ಒಬ್ಬೊಬ್ಬರೂ ಒಂದೊಂದು ಕೊಳ್ಳಬಹುದಲ್ಲ?

ನಾನು: ಕನ್ನಡ ಯಾವಾಗ ಕಲಿತಿರಿ?

ಐಪ್ಯಾಡ್: ನಮ್ಮದೇ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ. ಸೆಟ್ಟಿಂಗ್‌ಗಳೆಲ್ಲ ಕನ್ನಡದಲ್ಲಿ ಕಾಣತೊಡಗಿದ್ದು 2025ರ ವಸಂತದಲ್ಲಿ. ಕೈಬರಹ ಓದುವ ವಿದ್ಯೆ 2020ರಲ್ಲಿ ಬಂದಾಗ ಇಂಗ್ಲಿಷ್ ಮತ್ತು ಚೀನಿ ಮಾತ್ರ ಬರುತ್ತಿತ್ತು.

ನಾನು: ಸಾವಿರಾರು ಚಿತ್ರಾಕ್ಷರಗಳ ಚೀನಿ ಮೊದಲೇ ಬಂತು, ನಮ್ಮ ಒತ್ತಕ್ಷರಕ್ಕೆ ಹೆದರಿದಿರಾ? ಗೊತ್ತಿರಲಿ, ಈ ಶತಮಾನದ ಆರಂಭದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟರುಗಳು ಸೇರಿ ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡಿದ್ದರು. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದಕ್ಕಿತ್ತು. 2004ರ ಅಮೀಡಾ ಮಾದರಿಯನ್ನು ಬಾಗಿಸಿದರೆ ಪುಟ ತಿರುಗುತ್ತಿತ್ತು. ನೀವಿನ್ನೂ ಹುಟ್ಟಿರಲಿಲ್ಲ.

ಐಪ್ಯಾಡ್: ಹೌದೇ? ಹಿರಿಯರು. ಈಗ ಎಲ್ಲಿದ್ದಾರೆ? ನಿಮ್ಮ ಮನೆಯಲ್ಲೊಂದು ಇರಬೇಕಲ್ಲ?

ನಾನು: ಮುಂದಿನ ಪ್ರಶ್ನೆ.

ಐಪ್ಯಾಡ್: ಪಕ್ಕದ ಮನೆಯಲ್ಲಿ?

ನಾನು: ಮುಂದಿನ ಪ್ರಶ್ನೆ ಅಂದೆ. ವಾಟ್ಸ್‌ಆಪ್...

ಐಪ್ಯಾಡ್: ಅದಕ್ಕೆ ನನ್ನನ್ನು ಬೈಯಬೇಡಿ. 2025ರ ಮೇವರೆಗೆ ಅವರೇ ನನ್ನ ಮನೆಗೆ ಬರಲಿಲ್ಲ. ಇನ್‌ಸ್ಟಾಗ್ರಾಂ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂತು. ಅಲ್ಲಿಯವರೆಗೆ ಇನ್‌ಸ್ಟಾಗ್ರಾಂನ ಐಫೋನ್ ಆಪನ್ನೇ ಹಿಗ್ಗಿಸಿ ತೋರಿಸುತ್ತಿದ್ದೆ. ಇಷ್ಟು ಹೊತ್ತು ನೀವು ಕೇಳಿದಿರಿ, ಈಗ ನಾನೊಂದು ಕೇಳಲಾ? ಈ ವಿಂಡೋ, ಮೆನು, ಬಾಣ ಎಲ್ಲ ಬೇಕು ಅಂತ ಇಷ್ಟು ವರ್ಷ ಕೂಗಿದಿರಲ್ಲ, ಬಂದ ಮೇಲೆ ನಿಮ್ಮ ಮನೆಯಲ್ಲಿ ನನ್ನನ್ನು ಯಾವುದಕ್ಕೆ ಬಳಸುತ್ತೀರಿ?

ನಾನು: ಮಗುವಿಗೆ ಊಟ ಮಾಡಿಸುವಾಗ ಯೂಟ್ಯೂಬ್ ಹಾಕುತ್ತೇವೆ.

ಐಪ್ಯಾಡ್: ಎಷ್ಟು ವಿಂಡೋ?

ನಾನು: ಒಂದು.

ಐಪ್ಯಾಡ್: ಈ ಮೂಲೆಯಲ್ಲಿ ಅಂಟಿರುವುದು ಏನು?

ನಾನು: ತುಪ್ಪ. ಒರೆಸುತ್ತೇನೆ ಇರಿ. ಕೊನೆಯ ಪ್ರಶ್ನೆ, ಸ್ವಂತದ್ದು. ಹೊಸದನ್ನು ಈಗಲೇ ಕೊಳ್ಳಲೋ, ಮುಂದಿನದು ಬರಲಿ ಅಂತ ಕಾಯಲೋ?

ಐಪ್ಯಾಡ್: 2012ರ ಮಾರ್ಚ್‌ನಲ್ಲಿ ಮೂರನೇ ಐಪ್ಯಾಡ್ ಬಂದಾಗ ರೆಟಿನಾ ಪರದೆ ಅಂತ ಮುಗಿಬಿದ್ದು ಕೊಂಡರು. ಅದೇ ನವೆಂಬರ್‌ನಲ್ಲಿ ನಾಲ್ಕನೆಯದು ಬಂತು, ಚಾರ್ಜರ್ ತೂತೂ ಬದಲಾಯಿತು.

ನಾನು: ಹಾಗಾದರೆ ಕಾಯುತ್ತೇನೆ.

ಐಪ್ಯಾಡ್: ಕ್ಯಾಲ್ಕುಲೇಟರ್‌ಗೆ ಕಾದವರ ಕಥೆ ಈಗ ತಾನೇ ಮಾತಾಡಿದೆವು.

ನಾನು: ಕೊಂಡರೂ ಕಷ್ಟ, ಕಾದರೂ ಕಷ್ಟ. ಹದಿಮೂರು ಇಂಚಿನ ಪ್ರೊ, ಕೀಬೋರ್ಡ್, ಪೆನ್ಸಿಲ್ ಎಲ್ಲ ಸೇರಿ ಎಷ್ಟಾಗುತ್ತದೆ?

ಐಪ್ಯಾಡ್: 2025ರ ಬೆಲೆಯಲ್ಲಿ 1,29,900, ಅದಕ್ಕೆ 33,900, ಅದಕ್ಕೆ 11,900. ಒಟ್ಟು 1,75,700 ರೂಪಾಯಿ. ನೋಡಿದಿರಾ, ಎಷ್ಟು ಬೇಗ ಕೂಡಿದೆ!