ಕೀಲಿ ಬಿಟ್ಟರೆ ಕಾರೂ ಕೈಬಿಟ್ಟಿತು

1960ರ ದಶಕದ ಡಾಡ್ಜ್ ಡಾರ್ಟ್, ಪ್ಲಿಮತ್ ವ್ಯಾಲಿಯಂಟ್ ಸಾಕಿಕೊಂಡಿರುವ ಅಮೆರಿಕನ್ನರಲ್ಲಿ ಎಷ್ಟೋ ಮಂದಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಳಿ ಪಿಂಗಾಣಿ ತುಂಡೊಂದನ್ನು ತಾಯತದ ಹಾಗೆ ಇಟ್ಟುಕೊಂಡಿರುತ್ತಾರೆ. ಅದೇ ಬ್ಯಾಲಾಸ್ಟ್ ರೆಸಿಸ್ಟರ್.

ಅದು ಕೆಟ್ಟರೆ ಲಕ್ಷಣ ಮಜವಾಗಿರುತ್ತದೆ. ಕೀಲಿ ತಿರುಗಿಸಿ ಹಿಡಿದಷ್ಟು ಹೊತ್ತು ಎಂಜಿನ್ ಭರ್ರೆನ್ನುತ್ತದೆ. ಕೈ ಬಿಟ್ಟಿರೋ, ಗಪ್‌ಚುಪ್. ಸ್ಟಾರ್ಟ್ ಮಾಡುವಾಗ ಇಗ್ನಿಷನ್ ಕಾಯಿಲ್‌ಗೆ ಬ್ಯಾಟರಿಯಿಂದ ನೇರ ದಾರಿ, ಆಮೇಲೆ ರೆಸಿಸ್ಟರ್ ದಾಟಿಯೇ ಕರೆಂಟು ಬರಬೇಕು. ಇದು ತಿಳಿಯದೆ ಕಾರ್ಬ್ಯುರೇಟರ್ ಬಿಚ್ಚಿ ಹರವಿಕೊಂಡು ಕೂತವರೆಷ್ಟೋ, ಪಾಪ!

ಮೀಟರ್ ಹಿಡಿದವರ ಪಾಡು ಇನ್ನೊಂದು. ಕಾಯಿಲ್‌ನ ಪ್ಲಸ್ ತುದಿಗೆ ಮುಟ್ಟಿಸಿದರೆ ಪೂರಾ 12 ವೋಲ್ಟ್. ‘ಅಯ್ಯೋ, 6–7 ತೋರಿಸಬೇಕಿತ್ತು, ರೆಸಿಸ್ಟರ್ ತಡೆಯುತ್ತಲೇ ಇಲ್ಲ!’ ಸ್ವಾಮಿ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ಸ್ ತೆರೆದುಕೊಂಡಿದ್ದರೆ ಕರೆಂಟೇ ಹರಿಯುವುದಿಲ್ಲ. ಹರಿಯದೇ ಇರುವುದನ್ನು ಅದು ತಡೆಯುವುದು ಹೇಗೆ? ಎಂಜಿನ್ನನ್ನು ತುಸು ತಿರುಗಿಸಿ, ಪಾಯಿಂಟ್ಸ್ ಕೂಡಿಕೊಳ್ಳಲಿ, ಆಮೇಲೆ ನೋಡಿ. ಮುಳ್ಳು ತಾನಾಗಿ ಇಳಿಯುತ್ತದೆ.

ಇನ್ನು ಕೆಲವು ಧೀರರು ರೆಸಿಸ್ಟರಿಗೇ ತಂತಿ ಅಡ್ಡ ಹಾಕಿ ‘ಈಗ ನೋಡು ಓಟ’ ಎನ್ನುತ್ತಾರೆ. ಓಡುತ್ತದೆ, ಕಾಯಿಲ್ ಕಾದು ಪಾಯಿಂಟ್ಸ್ ಕರಕಲಾಗುವವರೆಗೆ. ಅಂದಹಾಗೆ, ಆ ಪಿಂಗಾಣಿ ಮುಟ್ಟಿ ಬೆರಳು ಚುರ್ರೆಂದರೆ ಬೈಯಬೇಡಿ. ಬಿಸಿಯಾಗುವುದೇ ಅದರ ಉದ್ಯೋಗ.